ಸಹಿ ಸುಲಭ, ವರದಿಯೇ ಕಷ್ಟ

ಜವಾಬ್ದಾರಿಯಿಂದ ವ್ಯವಹಾರ ನಡೆಸುತ್ತೇವೆಂದು ಕಂಪನಿಗಳು ತಾವಾಗಿಯೇ ಸೇರುವ ಒಕ್ಕೂಟ, ವಿಶ್ವಸಂಸ್ಥೆಯ ಗ್ಲೋಬಲ್ ಕಾಂಪ್ಯಾಕ್ಟ್, 2000ದಲ್ಲಿ ಶುರುವಾಯಿತು. ಅದರ ಭಾರತೀಯ ಜಾಲದ ಕಚೇರಿ ದೆಹಲಿಯಲ್ಲಿದೆ. ಮಾನವ ಹಕ್ಕು, ಕಾರ್ಮಿಕರು, ಪರಿಸರ, ಭ್ರಷ್ಟಾಚಾರ ತಡೆ ಎಂದು ಒಟ್ಟು 10 ತತ್ವಗಳು. ಭ್ರಷ್ಟಾಚಾರ ತಡೆಯ ತತ್ವ 2004ರಲ್ಲಿ ಸೇರಿದ್ದು. ಸೇರುವಾಗ ಕಂಪನಿಯ ಮುಖ್ಯಸ್ಥರೇ ಬದ್ಧತಾ ಪತ್ರಕ್ಕೆ ಸಹಿ ಹಾಕಬೇಕು.

ತೊಡಕೆಲ್ಲ ಈ ತತ್ವಗಳನ್ನು ಹೇಗೆ ಪಾಲಿಸಿದಿರಿ ಎಂದು ಹೇಳುವ ವಾರ್ಷಿಕ ಪ್ರಗತಿ ವರದಿಯಲ್ಲಿ. ಕೊಡದೇ ಹೋದರೆ ಕೊನೆಗೆ ಪಟ್ಟಿಯಿಂದಲೇ ಹೆಸರು ತೆಗೆಯುತ್ತಾರೆ. ಗಡುವು ಹತ್ತಿರ ಬಂದಾಗ ಹುಡುಕಲು ಕೂತರೆ ಡೀಸೆಲ್ ಬಿಲ್ ಸ್ಟೋರ್ಸ್‌ನಲ್ಲಿ, ಕರೆಂಟ್ ಬಿಲ್ ಅಕೌಂಟ್ಸ್‌ನಲ್ಲಿ, ಗುತ್ತಿಗೆ ಕಾರ್ಮಿಕರ ಹಾಜರಿ ಗುತ್ತಿಗೆದಾರನ ಬಳಿ! ಆದ್ದರಿಂದ ಪ್ರತಿ ತಿಂಗಳೂ ಒಂದೇ ಹಾಳೆಗೆ ಏರಿಸಿ. ಜನರೇಟರ್ ಡೀಸೆಲ್ ಲೀಟರಿನಲ್ಲಿರಲಿ, ರೂಪಾಯಿಯಲ್ಲಿ ಬೇಡ. ದರ ಏರಿಳಿದರೆ ಲೆಕ್ಕ ಕೆಡುತ್ತದೆ. ಉರಿದ ಪ್ರತಿ ಲೀಟರಿಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಿರಿ. ಟ್ಯಾಂಕರ್ ನೀರನ್ನೂ ಮರೆಯದೆ ಬರೆಯಿರಿ, ಅದಕ್ಕೆ ಮೀಟರ್ ಇರುವುದಿಲ್ಲ.