ಒಂದೆಲಗ ಅಂಗಳ ಹಿಡಿಯಿತು

ಹೋದ ಮಳೆಗಾಲದಲ್ಲಿ ಅಮ್ಮ ಊರಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ನಾಲ್ಕು ಎಳೆ ಒಂದೆಲಗ ತಂದಿದ್ದರು. ಸುಮ್ನೆ ನಲ್ಲಿ ಪಕ್ಕ ಊರಿದ್ದೆ. ಈಗ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಕಾಲಿಡಲು ಜಾಗ ಇಲ್ಲ!

ಇದರ ಬಳ್ಳಿ ನೆಲದ ಮೇಲೇ ಹರಿದು ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ, ಇಲ್ಲಿ ಕಿತ್ತರೆ ಅಲ್ಲಿ ತಲೆ ಎತ್ತುತ್ತದೆ, ಸ್ವಲ್ಪ ನೆರಳು ಮತ್ತು ತೇವ ಇದ್ದರೆ ಗೊಬ್ಬರವನ್ನೂ ಕೇಳುವುದಿಲ್ಲ. ದುಡ್ಡು ಕೊಟ್ಟು ಹಾಕಿಸಿದ ಲಾನ್ ಹುಲ್ಲು ಮಾತ್ರ ಏಪ್ರಿಲ್‌ಗೇ ಒಣಗಿ ಹೋಯಿತು. ಮುದ್ದು ಮಾಡಿದ್ದು ಅದನ್ನೇ ಜಾಸ್ತಿ, ಅಲ್ವಾ.

ಪಕ್ಕದ ಮನೆಯ ಮಂಗಳೂರಿನ ಆಂಟಿ ಬೇಲಿ ಹತ್ತಿರ ನಿಂತು 'ತಿಮರೆ ಉಂಟಾ?' ಅಂತ ಕೇಳುತ್ತಾರೆ, ತುಳುವಿನಲ್ಲಿ ಒಂದೆಲಗಕ್ಕೆ ಅದೇ ಹೆಸರು. ಅಂಗಡಿಯವನು ಇದನ್ನೇ ಬ್ರಾಹ್ಮಿ ಅನ್ನುತ್ತಾನೆ, ಆದರೆ ನೀರುಬ್ರಾಹ್ಮಿ ಬೇರೆಯೇ ಗಿಡ, ಅದರ ಎಲೆ ಸಣ್ಣ, ದಪ್ಪ. ನೆನಪಿನ ಶಕ್ತಿಗೆ ಒಳ್ಳೆಯದು ಅಂತ ಚಿಕ್ಕಂದಿನಲ್ಲಿ ಬೆಳಿಗ್ಗೆ ಒಂದೆಲಗದ ಎರಡೆಲೆ ತಿನ್ನಿಸುತ್ತಿದ್ದರು. ನೀರು ಹಾಕಿದ್ದೇನಾ ಇಲ್ಲವಾ ಅನ್ನುವುದೇ ನನಗೆ ಇವತ್ತಿಗೂ ನೆನಪಿರುವುದಿಲ್ಲ, ಆ ಮಾತು ಬೇರೆ.

ಇವತ್ತು ಒಂದು ಹಿಡಿ ಕಿತ್ತು, ತೆಂಗಿನಕಾಯಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದೆ. ಕಿತ್ತ ಜಾಗ ಗೊತ್ತೇ ಆಗುತ್ತಿಲ್ಲ. ಬಳ್ಳಿ ಬೇಕಾದವರು ಬನ್ನಿ, ಒದ್ದೆ ಬಟ್ಟೆ ನೀವೇ ತನ್ನಿ.