ವೇದಿಕೆಯಲ್ಲಿ 26,000, ಆಫೀಸಲ್ಲಿ ಸರ್ಟಿಫಿಕೇಟ್

ಎಪ್ರಿಲ್ ಬಂತೂಂದ್ರೆ ನಮ್ಮ ಆಫೀಸಲ್ಲಿ ಚಾ ಕುಡಿಲಿಕ್ಕೂ ಪುರುಸೊತ್ತಿಲ್ಲ. ನಾನು ಇರುದು ಮಂಗಳೂರಲ್ಲಿ ಹಂಪನಕಟ್ಟೆ ಹತ್ರ ಒಂದು ಲೇಬರ್ ಕನ್ಸಲ್ಟೆಂಟ್ ಆಫೀಸಲ್ಲಿ, ಹೋಟೆಲು, ಗೇರುಬೀಜ ಫ್ಯಾಕ್ಟರಿ, ಬಟ್ಟೆ ಅಂಗಡಿ, ಸಣ್ಣಪುಟ್ಟ ಕ್ಲಿನಿಕ್ಕು ಹೀಗೆ ಬೇರೆ ಬೇರೆ ಕ್ಲೈಂಟುಗಳ ಸಂಬಳದ ಶೀಟು, ಪಿಎಫ್, ಇಎಸ್‌ಐ ಎಲ್ಲ ನಾವೇ ನೋಡಿಕೊಳ್ಳುದು. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಎಪ್ರಿಲ್ 1ಕ್ಕೆ ಬದಲಾಗ್ತದೆ, ಆರ್ಡರ್ ಕೈಗೆ ಬಂದ ಕೂಡ್ಲೆ ಒಬ್ಬೊಬ್ರಿಗೆ ಫೋನ್ ಮಾಡಿ "ಈ ತಿಂಗಳಿಂದ ಇಷ್ಟು ಜಾಸ್ತಿ ಹಾಕ್ಬೇಕು" ಅಂತ ಹೇಳುದು ನನ್ನ ಕೆಲಸ, ಬೈಸಿಕೊಳ್ಳುದೂ ನಾನೇ. ಸರ್ಕಾರ ಏರಿಸಿದ್ದಕ್ಕೆ ನನ್ನ ಹತ್ರ ಎಂತಕ್ಕೆ ರೇಗುದೋ ಗೊತ್ತಿಲ್ಲ. ಒಬ್ರು ಹೋಟೆಲಿನ ಶೆಟ್ರು ಇದ್ದಾರೆ, ವರ್ಷವೂ ಒಂದೇ ಡೈಲಾಗು, "ಹೀಗೆ ಆದ್ರೆ ನಾನು ಇಬ್ರನ್ನು ಕಳಿಸ್ಬೇಕಾಗ್ತದೆ ಮಾರಾಯ್ತಿ". ಆದ್ರೆ ಕೊಡ್ತಾರೆ, ಅದು ಹೇಳ್ಬೇಕು.

ಈಗ ವಿಷಯಕ್ಕೆ ಬರ್ತೇನೆ. ನಮ್ಮ ಹತ್ರ ಒಬ್ಬ ರಾಜಕಾರಣಿಯ ಆಫೀಸಿನ ಕೆಲಸವೂ ಬಂತು. ಯಾವ ಪಕ್ಷ, ಯಾವ ಊರು ಅಂತ ಕೇಳ್ಬೇಡಿ, ಹೇಳುದಿಲ್ಲ, ಮತ್ತೆ ಎಲ್ಲ ಪಕ್ಷದಲ್ಲೂ ಇದೇ ಕಥೆ ಅಂತ ಆಮೇಲೆ ನಾಲ್ಕು ಕಡೆ ವಿಚಾರಿಸಿದಾಗ ಗೊತ್ತಾಯ್ತು. ಡ್ರೈವರ್, ಒಬ್ಬ ಪಿಎ, ಆಫೀಸ್ ನೋಡಿಕೊಳ್ಳುವ ಒಬ್ರು, ಇಷ್ಟು ಜನರ ಸಂಬಳದ ಲೆಕ್ಕ ಸರಿ ಮಾಡಿಕೊಡಿ ಅಂತ ಹೇಳಿದ್ರು. ನಾನು ಮಾಮೂಲಿಯಾಗಿ ಹಾಜರಿ ಪುಸ್ತಕ ಕೇಳಿದೆ, ಅವರು ವಾಟ್ಸಾಪಲ್ಲಿ ಒಂದು ಫೋಟೋ ಹಾಕಿದ್ರು, ನೋಡಿದ್ರೆ ಅದರಲ್ಲಿ ಹೆಸರು ಎಂಟು ಉಂಟು! ಕೆಳಗಿನ ಐದು ಹೆಸರಿನ ಮುಂದೆ ಪೆನ್ಸಿಲಲ್ಲಿ "ಇಂಟರ್ನ್" ಅಂತ ಬರೆದದ್ದು, ಬೆಳಿಗ್ಗೆ ಒಂಬತ್ತೂವರೆಗೆ ಸೈನು, ಸಂಜೆ ಆರೂವರೆ ಏಳಕ್ಕೆ ಸೈನು, ಒಂದು ಹುಡುಗಿಯದ್ದು ಆದಿತ್ಯವಾರವೂ ಸೈನ್ ಉಂಟು. ಸಂಬಳದ ಕಾಲಮಲ್ಲಿ ಗೆರೆ ಎಳೆದಿದ್ದಾರೆ ಅಷ್ಟೇ.

ಪಿಎಗೆ ಫೋನ್ ಮಾಡಿದೆ. "ಮೇಡಂ, ಅವರನ್ನು ಬಿಟ್ಬಿಡಿ, ಅವರು ಕಲೀಲಿಕ್ಕೆ ಬಂದವರು, ಕೊನೆಗೆ ಅಣ್ಣನ ಸೈನ್ ಇರುವ ಸರ್ಟಿಫಿಕೇಟ್ ಕೊಡ್ತೇವೆ" ಅಂದ್ರು. ತಮಾಷೆ ಎಂತ ಅಂದ್ರೆ ಈ ಅಣ್ಣ, ಅಂದ್ರೆ ಆ ರಾಜಕಾರಣಿ, ಮೇ 1ರ ಸಭೆಯಲ್ಲಿ ಮೈಕ್ ಹಿಡಿದು, ಕಾರ್ಮಿಕ ಸಂಘಟನೆಗಳು ಕೇಳುವ ಹಾಗೆ ತಿಂಗಳಿಗೆ 26,000 ಕನಿಷ್ಠ ವೇತನ ಆಗ್ಲೇಬೇಕು, ಅದನ್ನು ಕೊಡ್ಲಿಕ್ಕೆ ಆಗದ ಮಾಲೀಕ ಧಂದೆ ಮಾಡುವ ಅಗತ್ಯವೇ ಇಲ್ಲ ಅಂತ ಹೇಳಿದ್ದರ ವಿಡಿಯೋ ಇದೇ ಇಂಟರ್ನ್‌ಗಳು ಕಟ್ ಮಾಡಿ ಅಪ್ಲೋಡ್ ಮಾಡಿದ್ದು.

ನಾನು ವಾದ ಮಾಡ್ಲಿಕ್ಕೆ ಹೋಗ್ಲಿಲ್ಲ. ನಮ್ಮ ಕೆಲಸದಲ್ಲಿ ಟ್ರೈನಿ, ಹೆಲ್ಪರ್, ವಾಲಂಟಿಯರ್ ಅಂತ ಯಾವ ಬೋರ್ಡ್ ಹಾಕಿದ್ರೂ ಕೇಳುವ ಪ್ರಶ್ನೆ ಒಂದೇ, ಅದನ್ನೇ ಕೇಳಿದೆ, "ನಾಳೆಯಿಂದ ಇವರು ಐದು ಜನ ಬರುದಿಲ್ಲ ಅಂತಾದ್ರೆ ನಿಮ್ಮ ಆಫೀಸ್ ನಡೀತದಾ?" ಅವರು ಒಳ್ಳೆ ಮನುಷ್ಯ, ಸುಳ್ಳು ಹೇಳುವ ಅಭ್ಯಾಸ ಇಲ್ಲ, "ಹೇಗೆ ನಡೀತದೆ ಮೇಡಂ, ಅರ್ಜಿ ಫೈಲ್ ಎಲ್ಲ ಆ ಬೆಳ್ತಂಗಡಿ ಹುಡುಗಿ ಹತ್ರವೇ ಇರುದಲ್ಲ" ಅಂದ್ರು. ಮತ್ತೆಂತ ಉಂಟು ಮಾತಾಡ್ಲಿಕ್ಕೆ.

ಆ ಹುಡುಗಿ ಮಾಡುವ ಕೆಲಸ ನಾನು ಕಣ್ಣಾರೆ ನೋಡಿದೆ, ಒಂದು ದಿನ ಪೇಪರ್ ತರ್ಲಿಕ್ಕೆ ಅಲ್ಲಿಗೆ ಹೋಗಿದ್ದೆ. ಜನ ಬೆಳಿಗ್ಗೆಯೇ ಬಂದು ಕೂತಿರ್ತಾರೆ, ಒಬ್ರಿಗೆ ವಿಧವಾ ವೇತನ ನಿಂತಿದೆ, ಒಬ್ರದ್ದು ಜಾಗದ ಪ್ಲಾಟಿಂಗ್ (ಅಳತೆ, ನಕ್ಷೆ) ಆಗ್ಲಿಲ್ಲ, ಒಬ್ರ ಮಗನಿಗೆ ಹಾಸ್ಟೆಲ್ ಸೀಟ್ ಬೇಕು. ಅವಳು ತುಳುವಲ್ಲಿ ಕೇಳಿಕೊಂಡು, ಕನ್ನಡದಲ್ಲಿ ಟೈಪ್ ಮಾಡಿ, ಆರ್‌ಟಿಸಿ, ಆಧಾರ್ ಜೆರಾಕ್ಸ್ ಪಿನ್ ಹೊಡೆದು, ಯಾವುದು ತಹಶೀಲ್ದಾರರಿಗೆ ಯಾವುದು ಡಿಸಿ ಆಫೀಸಿಗೆ ಅಂತ ಬೇರೆ ಮಾಡಿ, ಒಂದು ನೋಟ್ ಪುಸ್ತಕದಲ್ಲಿ ನಂಬರ್ ಹಾಕಿ, ಹದಿನೈದು ದಿನ ಆದ ಮೇಲೆ ಆ ಅಜ್ಜಿಗೆ ಇವಳೇ ಫೋನ್ ಮಾಡುದು. ಇದು ಕಲಿಯುದಲ್ಲ, ಇದು ಡ್ಯೂಟಿ. ಬೇರೆ ಯಾವ ಆಫೀಸಲ್ಲಿ ಆದ್ರೂ ಇದಕ್ಕೆ ಒಬ್ಬ ಕ್ಲರ್ಕನ್ನು ಇಡ್ತಾರೆ.

ಅವಳಿಗೆ ಬಿಜೈ ಹತ್ರ ಪಿಜಿ, ಬಾಡಿಗೆಯೇ ಆರು ಸಾವಿರದ ಮೇಲೆ, ಊರಿಂದ ಅಪ್ಪ ಕಳಿಸುದು. ಬೇರೆ ನಾಲ್ಕು ಜನರಲ್ಲಿ ಮೂವರಿಗೆ ಮಂಗಳೂರಲ್ಲೇ ಸ್ವಂತ ಮನೆ, ಕಾರಲ್ಲಿ ಬಿಟ್ಟು ಹೋಗ್ತಾರೆ. ಇದನ್ನು ಯಾರೂ ಗಮನಿಸುದಿಲ್ಲ ನೋಡಿ, ಪುಕ್ಕಟೆ ಕೆಲಸ ಮಾಡುವ ತಾಕತ್ತು ಇರುದು ಯಾರಿಗೆ? ಮನೆಯಲ್ಲಿ ಬೀಡಿ ಕಟ್ಟಿ ಮಗಳನ್ನು ಡಿಗ್ರಿ ಓದಿಸಿದ ಅಮ್ಮ ಇನ್ನೊಂದು ಆರು ತಿಂಗಳು ಪಿಜಿ ಬಾಡಿಗೆ ಕಟ್ತಾಳಾ? ಆಗ ಬಡವರ ಅರ್ಜಿ ಓದ್ಲಿಕ್ಕೆ ಕೂರುವವರೆಲ್ಲ ಅಂಥಾ ಅರ್ಜಿ ಯಾವತ್ತೂ ಬರೀಬೇಕಾಗಿ ಬರದ ಮನೆಯವರೇ ಆಗ್ತಾರೆ. ಇನ್ನೊಂದು ವಿಚಿತ್ರ, ಡಿಗ್ರಿ ಆಗಿ ಕೆಲಸ ಸಿಗದೆ ಮನೆಯಲ್ಲಿ ಕೂತವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ಉಂಟು, ಪಿಎಂ ಇಂಟರ್ನ್‌ಶಿಪ್ 2024ರಲ್ಲಿ ಶುರು ಮಾಡುವಾಗ ಸಹ ತಿಂಗಳಿಗೆ 5,000 ಇಟ್ರು, ಜನಪ್ರತಿನಿಧಿಯ ಆಫೀಸಲ್ಲಿ ದಿನಕ್ಕೆ ಒಂಬತ್ತು ಗಂಟೆ ದುಡಿದವಳಿಗೆ ಸೊನ್ನೆ, ಬಸ್ಸಿನ ದುಡ್ಡು ಅವಳ ಕೈಯಿಂದಲೇ.

ಕಾನೂನು ಎಂತ ಹೇಳ್ತದೆ ಅಂತ ಪಿಎ ಕೇಳಿದ್ರು. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಸರ್ಕಾರದ ಶೆಡ್ಯೂಲಲ್ಲಿ ಇರುವ ಉದ್ಯೋಗಕ್ಕೆ ಮಾತ್ರ ರೇಟು, ಹಾಗಾಗಿ ಇಂಥಾ ಆಫೀಸುಗಳು "ನಾವು ಆ ಲಿಸ್ಟಲ್ಲೇ ಇಲ್ಲ" ಅಂತ ಜಾರಿಕೊಳ್ಬಹುದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಆ ಲಿಸ್ಟಿನ ಕಥೆ ಇಲ್ಲ. ಕಲಿಯುವವರ ಪೈಕಿ ಅದು ಹೆಸರು ಹೇಳಿ ಹೊರಗಿಟ್ಟದ್ದು 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿಸಿಕೊಂಡ ಅಪ್ರೆಂಟಿಸ್‌ಗಳನ್ನು, ಪೆನ್ಸಿಲಲ್ಲಿ ಇಂಟರ್ನ್ ಅಂತ ಬರೆದವರನ್ನಲ್ಲ.

ಅಮೆರಿಕದಲ್ಲಿ ಈ ಜಗಳ ದೊಡ್ಡದಾಗಿಯೇ ನಡೆದಿದೆ. ಅಲ್ಲಿ ಫೆಡರಲ್ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರಲ್ಲೇ ನಿಂತಿದೆ, ಅದನ್ನು 15 ಮಾಡಿ ಅಂತ ಕೂಗ್ತಿದ್ದ ಎಷ್ಟೋ ಸಂಸದರ ಆಫೀಸಲ್ಲಿ ಇಂಟರ್ನ್‌ಗಳಿಗೆ ಒಂದು ಡಾಲರೂ ಇರ್ಲಿಲ್ಲ. ಅವರ ಸಂಸತ್ತು 1995ರಲ್ಲಿ ಕಾರ್ಮಿಕ ಕಾನೂನುಗಳನ್ನು ತನಗೂ ಹಾಕಿಕೊಂಡಿತು, ಆದ್ರೆ ವೇತನದ ವಿಷಯದಲ್ಲಿ ಇಂಟರ್ನ್‌ಗಳನ್ನು ಹೊರಗಿಟ್ಟೇ ಹಾಕಿಕೊಂಡದ್ದು, ಬುದ್ಧಿವಂತರು! 2018ರಲ್ಲಿ ಇಂಟರ್ನ್‌ಗಳಿಗೆ ಅಂತಲೇ ಬೇರೆ ಹಣ ಇಟ್ರು, ಅದೇ ಡಿಸೆಂಬರಲ್ಲಿ ಹೊಸದಾಗಿ ಗೆದ್ದ ಅಲೆಕ್ಸಾಂಡ್ರಿಯಾ ಒಕಾಸಿಯೊ ಕೊರ್ಟೆಜ್ ತನ್ನ ಇಂಟರ್ನ್‌ಗಳಿಗೆ ಗಂಟೆಗೆ 15 ಡಾಲರಿಗೆ ಕಮ್ಮಿ ಇಲ್ಲ ಅಂತ ಹೇಳಿದ್ರು. ನನಗೆ ಇದಕ್ಕಿಂತ ಇಷ್ಟ ಆದದ್ದು ಇದೇ 15 ಡಾಲರಿಗೆ ಕೂಗ್ತಿದ್ದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಕಥೆ, ಯಾಕಂದ್ರೆ ಅದು ಪಕ್ಕಾ ಸಂಬಳದ ಲೆಕ್ಕದ ಕಥೆ. 2019ರಲ್ಲಿ ಅವರ ಅಧ್ಯಕ್ಷ ಚುನಾವಣೆ ಪ್ರಚಾರದ ಫೀಲ್ಡ್ ಸ್ಟಾಫಿಗೆ ವರ್ಷಕ್ಕೆ 36,000 ಡಾಲರ್ ಸಂಬಳ, ಕೇಳ್ಲಿಕ್ಕೆ ಚೆನ್ನಾಗಿಯೇ ಉಂಟು, ಆದ್ರೆ 52 ವಾರಕ್ಕೆ ಭಾಗಿಸಿ ನೋಡಿ, ವಾರಕ್ಕೆ 46 ಗಂಟೆ ದಾಟಿದ್ರೆ ಅದು 15ರ ಕೆಳಗೆ ಹೋಗ್ತದೆ, ಅವರ ಹತ್ರ ಮಾಡಿಸಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಸ್ಟಾಫ್ ಯೂನಿಯನ್ ಅದನ್ನೇ ಹಿಡಿದು ಕೇಳಿತು. ಸ್ಯಾಂಡರ್ಸ್ ಮೊದಲು ಹೇಳಿದ್ದು ಗಂಟೆ ಕಮ್ಮಿ ಮಾಡ್ತೇವೆ ಅಂತ. ನಮ್ಮ ಶೆಟ್ರು ಸಹ ಎಪ್ರಿಲಲ್ಲಿ ಹೇಳುದು ಹೆಚ್ಚುಕಮ್ಮಿ ಅದನ್ನೇ ಅಲ್ವಾ!

ಪಿಎ ಹೇಳಿದ ಉತ್ತರವೂ ಹಾಗೇ ಇತ್ತು. "ಎಲ್ಲರಿಗೂ ಕೊಡುದಾದ್ರೆ ಐವರನ್ನು ಇಟ್ಕೊಳ್ಲಿಕ್ಕೆ ಆಗ್ಲಿಕ್ಕಿಲ್ಲ, ಇಬ್ರೇ. ಉಳಿದವರ ಚಾನ್ಸ್ ಹೋಗ್ತದೆ." ನಾನು ನಗಾಡಿದೆ, ಕ್ಷಮಿಸಿ, ತಡೀಲಿಕ್ಕೆ ಆಗ್ಲಿಲ್ಲ, ಯಾಕಂದ್ರೆ ಗೇರುಬೀಜ ಫ್ಯಾಕ್ಟರಿಯವರು, ಹೋಟೆಲಿನವರು ಎಲ್ಲರೂ ನನಗೆ ಹೇಳುದು ಇದನ್ನೇ, ಅಣ್ಣ ವೇದಿಕೆಯಲ್ಲಿ ಬೈಯುದೂ ಇದನ್ನೇ. ಆದ್ರೆ ಆ ಮಾತಲ್ಲಿ ಸತ್ಯ ಇಲ್ಲ ಅಂತ ನಾನು ಹೇಳುದಿಲ್ಲ. ಸಂಸದರ ಲೆಕ್ಕವೇ ನೋಡಿ, ಆಫೀಸ್ ಖರ್ಚಿಗೆ ತಿಂಗಳಿಗೆ 75,000, ಅದರಲ್ಲಿ ಸಹಾಯಕರ ಸಂಬಳಕ್ಕೆ ಇರುದು 50,000. 26,000ದ ಹಾಗೆ ಇಬ್ಬರಿಗೆ ಕೊಟ್ರೆ 52,000, ಅಲ್ಲೇ ಎರಡು ಸಾವಿರ ಶಾರ್ಟು! ದೆಹಲಿಯಲ್ಲಿ ಸಂಸದರ ಜೊತೆ ಕೆಲಸ ಮಾಡುವ ಲ್ಯಾಂಪ್ ಫೆಲೋಗಳಿಗೆ ಸಹ ಸ್ಟೈಪೆಂಡ್ ಕೊಡುದು ಪಿಆರ್‌ಎಸ್ ಅಂತ ಒಂದು ಸಂಶೋಧನಾ ಸಂಸ್ಥೆ, ಸಂಸದರ ಕಿಸೆಯಿಂದ ಅಲ್ಲ.

ಅದಕ್ಕೇ ನಾನು ಹೇಳುದು, ಇವರು ಕೊಡ್ಲೇಬೇಕು. ಪ್ರಾಮಾಣಿಕತೆ ಗಿಮಾಣಿಕತೆ ಅಂತ ದೊಡ್ಡ ಮಾತು ಎಂತಕ್ಕೆ, ತಿಂಗಳ ಕೊನೆಗೆ ಆ ಎರಡು ಸಾವಿರ ಎಲ್ಲಿಂದ ತರುದು ಅಂತ ಅಣ್ಣನೂ ಒಮ್ಮೆ ತಲೆ ಕೆರ್ಕೊಳ್ಳಲಿ. ಆಗ 26,000 ಅಂತ ಕೇಳುವಾಗ ಸಣ್ಣ ಹೋಟೆಲಿಗೆ ಎಷ್ಟು ಟೈಮ್ ಕೊಡ್ಬೇಕು, ಸರ್ಕಾರ ಎಲ್ಲಿ ಕೈ ಜೋಡಿಸ್ಬೇಕು ಅಂತ ಎರಡು ಮಾತು ಜಾಸ್ತಿ ಬರ್ತದೆ ಬಾಯಲ್ಲಿ. ಕೊಡ್ಲಿಕ್ಕೆ ಆಗ್ಲೇ ಇಲ್ಲ ಅಂತಾದ್ರೆ ಅದನ್ನೂ ಸಭೆಯಲ್ಲೇ ಹೇಳಲಿ.

ಕಡೆಗೆ ಆದದ್ದು ಇಷ್ಟು: ಬೆಳ್ತಂಗಡಿ ಹುಡುಗಿ ಮತ್ತೆ ವಿಡಿಯೋ ಮಾಡುವ ಹುಡುಗನಿಗೆ ಸಂಬಳ ಹಾಕಿದ್ರು, 26,000 ಅಲ್ಲ, ಅಂಗಡಿ ಕ್ಲರ್ಕಿಗೆ ಸರ್ಕಾರ ಇಟ್ಟ ರೇಟು, ತಿಂಗಳ ಸಂಬಳವನ್ನು 26 ದಿನಕ್ಕೆ ಭಾಗಿಸಿ ಆದಿತ್ಯವಾರದ ದುಡ್ಡನ್ನು ಬೇರೆ ಸೇರಿಸಿದೆ. ಉಳಿದ ಮೂವರನ್ನು ಕಳಿಸಿದ್ರು. ಅವರಲ್ಲಿ ಒಬ್ಬ ಹುಡುಗ ನನ್ನ ನಂಬರ್ ಹುಡುಕಿ ಫೋನ್ ಮಾಡಿದ, "ಅಕ್ಕಾ, ನಾನು ದುಡ್ಡು ಕೇಳಿದ್ನಾ? ನಿಮ್ಮಿಂದ ನನ್ನ ಚಾನ್ಸ್ ಹೋಯ್ತು" ಅಂತ. ಅವನ ಸಿಟ್ಟು ಸುಳ್ಳಲ್ಲ. ವಾರಕ್ಕೆ ಎರಡು ಮಧ್ಯಾಹ್ನ ಹೋಗಿ ಕೂತು ನೋಡು, ಅಧಿವೇಶನದ ಪ್ರಶ್ನೆ ಹೇಗೆ ತಯಾರು ಮಾಡ್ತಾರೆ ಅಂತ ಕಲಿ, ಹಾಜರಿ ಪುಸ್ತಕದಲ್ಲಿ ಸೈನ್ ಹಾಕ್ಬೇಡ, ಅವರ ಕೆಲಸ ತಲೆ ಮೇಲೆ ಹೊತ್ಕೊಳ್ಬೇಡ ಅಂತ ಹೇಳಿದೆ. ಪಿಎ ಹತ್ರವೂ ಮಾತಾಡಿದೆ, ಅವರು ಒಪ್ಪಿದ್ರು. ಹುಡುಗ ಹೋಗ್ತಾನೋ ಇಲ್ವೋ ನೋಡ್ಬೇಕು.

ನಮ್ಮ ಆಫೀಸಲ್ಲಿ ಈಗ ಯಾವ ಕ್ಲೈಂಟ್ ಇಂಟರ್ನ್ ಅಂತ ಹೆಸರು ಕಳಿಸಿದ್ರೂ ಮೂರು ಪ್ರಶ್ನೆ ವಾಪಸ್ ಹೋಗ್ತದೆ: ಎಷ್ಟು ಗಂಟೆಗೆ ಬಂದು ಎಷ್ಟಕ್ಕೆ ಹೋಗ್ತಾರೆ, ಅವರಿಗೆ ಕಲಿಸುವವರು ಯಾರು, ಅವರು ಬಾರದ ದಿನ ಆ ಕೆಲಸ ಯಾರು ಮಾಡುದು. ಎರಡನೇದಕ್ಕೆ ಹೆಚ್ಚಿನವರು ಉತ್ತರ ಬರೆಯುದೇ ಇಲ್ಲ.