ಒಂದೇ ತಾರೀಕಿಗೆ ಇಷ್ಟೆಲ್ಲ ಹೇಗೆ ಸೇರುತ್ತದೆ? ಜೂನ್ 6ನ್ನು ಹಿಡಿದು ಒಂದು ಉತ್ತರ

ದಿನವಿಶೇಷದ ಪಟ್ಟಿ ಓದಿದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಒಂದೇ ತಾರೀಕಿನಲ್ಲಿ ಇಷ್ಟೊಂದು ದೊಡ್ಡ ಘಟನೆಗಳು, ಇಷ್ಟೊಂದು ದೊಡ್ಡವರ ಹುಟ್ಟುಹಬ್ಬಗಳು ಹೇಗೆ ಬಂದು ಸೇರುತ್ತವೆ? ಆ ದಿನದಲ್ಲೇ ಏನಾದರೂ ವಿಶೇಷ ಇರಬೇಕಲ್ಲವೇ?"

ದಿನದಲ್ಲಿ ಅಂಥದ್ದೇನೂ ಇಲ್ಲ ಎನ್ನುವುದು ನನ್ನ ಉತ್ತರ. ಆದರೆ ಎಲ್ಲವನ್ನೂ ಕಾಕತಾಳೀಯ ಎಂದು ತಳ್ಳಿಹಾಕುವುದೂ ತಪ್ಪು. ಪಟ್ಟಿಯಲ್ಲಿ ಮೂರು ಬಗೆಯ ಸಂಗತಿಗಳು ಬೆರೆತಿರುತ್ತವೆ. ಕೆಲವು ನಿಜಕ್ಕೂ ಆ ದಿನದವೇ ಅಲ್ಲ, ಕ್ಯಾಲೆಂಡರಿನ ಗೊಂದಲದಿಂದ ಅಲ್ಲಿ ಬಂದು ಕೂತಿವೆ. ಕೆಲವನ್ನು ಮನುಷ್ಯರು ಬೇಕೆಂದೇ ಆ ದಿನಕ್ಕೆ ಇಟ್ಟಿದ್ದಾರೆ. ಇವೆರಡನ್ನೂ ತೆಗೆದ ಮೇಲೆ ಉಳಿಯುವುದಷ್ಟೇ ಕಾಕತಾಳೀಯ, ಅದಕ್ಕೆ ಲೆಕ್ಕ ಇದೆ. ಈ ಕ್ರಮದಲ್ಲೇ ಸೋಸಬೇಕು. ಮೊದಲೇ ಬೆರಗಾಗಿ ಕೂತರೆ ಸೋಸುವುದು ಆಗುವುದಿಲ್ಲ.

ಜೂನ್ 6ನ್ನು ತೆಗೆದುಕೊಳ್ಳೋಣ. ಕನ್ನಡದ ಪಟ್ಟಿಗಳಲ್ಲಿ ಅಂದಿನ ಮೊದಲ ಹೆಸರು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರ ಜೂನ್ 6ರಂದು ಹುಟ್ಟಿದರು, 95 ತುಂಬಿದ ದಿನವೇ, 1986ರ ಜೂನ್ 6ರಂದು, ತೀರಿಕೊಂಡರು. ಅದೇ ತಾರೀಕಿಗೆ 1674ರಲ್ಲಿ ರಾಯಗಡದಲ್ಲಿ ಶಿವಾಜಿಯ ಪಟ್ಟಾಭಿಷೇಕ, 1799ರಲ್ಲಿ ರಷ್ಯಾದ ಕವಿ ಪುಷ್ಕಿನ್ ಜನನ, 1868ರಲ್ಲಿ ದಕ್ಷಿಣ ಧ್ರುವಕ್ಕೆ ಹೋದ ರಾಬರ್ಟ್ ಸ್ಕಾಟ್ ಜನನ, 1929ರಲ್ಲಿ ನಟ ಸುನಿಲ್ ದತ್ ಜನನ, 1944ರಲ್ಲಿ ನಾರ್ಮಂಡಿ ತೀರದಲ್ಲಿ ಮಿತ್ರಪಡೆಗಳು ಇಳಿದದ್ದು. ಸ್ವೀಡನ್ನಿನ ರಾಷ್ಟ್ರೀಯ ದಿನವೂ ಅಂದೇ.

ಶಿವಾಜಿಯ ತಾರೀಕಿನಿಂದ ಶುರು ಮಾಡುತ್ತೇನೆ, ಹೆಚ್ಚು ಜನ ಎಡವುವುದು ಅಲ್ಲೇ. ಪಟ್ಟಾಭಿಷೇಕ ನಡೆದದ್ದು ಶಕ 1596, ಆನಂದ ಸಂವತ್ಸರ, ಜ್ಯೇಷ್ಠ ಶುದ್ಧ ತ್ರಯೋದಶಿ. ಈಸ್ಟ್ ಇಂಡಿಯಾ ಕಂಪನಿಯ ದೂತನಾಗಿ ಹೆನ್ರಿ ಆಕ್ಸೆಂಡೆನ್ ಅಲ್ಲಿದ್ದ. ಇಂಗ್ಲಿಷರು ಆಗ ಬಳಸುತ್ತಿದ್ದದ್ದು ಹಳೆಯ ಜೂಲಿಯನ್ ಕ್ಯಾಲೆಂಡರ್. ಜೂನ್ 6 ಎನ್ನುವುದು ಆ ಕ್ಯಾಲೆಂಡರಿನ ತಾರೀಕು. ನಾವು ಈಗ ಬಳಸುವ ಗ್ರೆಗೋರಿಯನ್ ಲೆಕ್ಕಕ್ಕೆ ಅದು ಜೂನ್ 16. ಅಂದರೆ ಮಾಸ್ತಿಯವರ ಹುಟ್ಟುಹಬ್ಬಕ್ಕೂ ಶಿವಾಜಿಯ ಪಟ್ಟಾಭಿಷೇಕಕ್ಕೂ ವರ್ಷದೊಳಗೆ ಹತ್ತು ದಿನ ಅಂತರವಿದೆ. ಅಂಕಿ ಮಾತ್ರ ಒಂದೇ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಮೂರು ಪರೀಕ್ಷೆಗಳಿವೆ. ಮೊದಲನೆಯದು ಸಂವತ್ಸರದ್ದು: ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ, ಶೇಷ ಸೊನ್ನೆ ಬಂದರೆ ಅಕ್ಷಯ. 1596ಕ್ಕೆ 12 ಸೇರಿದರೆ 1608, ಶೇಷ 48, ನಲವತ್ತೆಂಟನೆಯದು ಆನಂದ. ವರ್ಷ ಸರಿ ಇದೆ ಎಂದಾಯಿತು. ಶಕಕ್ಕೆ 78 ಕೂಡಿಸಿದರೆ ಇಸವಿ. ಜನವರಿಯಿಂದ ಯುಗಾದಿಯವರೆಗಿನ ತಿಂಗಳುಗಳಿಗೆ ಮಾತ್ರ 79 ಕೂಡಿಸಬೇಕು. ಪುಷ್ಯ, ಮಾಘ, ಫಾಲ್ಗುಣದ ಶಾಸನಗಳ ಇಸವಿ ಒಂದು ವರ್ಷ ಹಿಂದೆ ಬೀಳುವುದು ಇದನ್ನು ಮರೆತಾಗ. ಶಾಸನಗಳಲ್ಲಿ ಇನ್ನೊಂದು ತೊಡಕು: ಕೊಟ್ಟಿರುವ ಶಕ ಕಳೆದ ವರ್ಷವೋ (ಪೂರ್ತಿ ಮುಗಿದ ವರ್ಷಗಳ ಎಣಿಕೆ) ನಡೆಯುತ್ತಿರುವ ವರ್ಷವೋ ಎಂಬುದು. ನಾನು ಹೇಳಿದ ಸೂತ್ರ ಕಳೆದ ವರ್ಷಕ್ಕೆ. ಶಾಸನ ಹೇಳುವ ಸಂವತ್ಸರದ ಸಂಖ್ಯೆಗಿಂತ ಶೇಷ ಒಂದು ಹೆಚ್ಚು ಬಂದರೆ ಶಾಸನದವರು ನಡೆಯುವ ವರ್ಷ ಬರೆದಿದ್ದಾರೆ ಎಂದು ತಿಳಿಯಬಹುದು.

ಎರಡನೆಯದು ಚಂದ್ರನದು. 1674ರ ಜೂನ್ 16ಕ್ಕೆ ಚಂದ್ರನಿಗೆ ಅಮಾವಾಸ್ಯೆ ಕಳೆದು ಸುಮಾರು 12 ದಿನ, ತ್ರಯೋದಶಿಗೆ ಹೊಂದುತ್ತದೆ. ಗ್ರೆಗೋರಿಯನ್ ಜೂನ್ 6 ಎಂದುಕೊಂಡರೆ ಅಮಾವಾಸ್ಯೆ ಕಳೆದು ಎರಡೇ ದಿನ. ಬಿದಿಗೆ ತದಿಗೆ ಎನ್ನಬಹುದೇ ಹೊರತು ತ್ರಯೋದಶಿ ಅಲ್ಲ.

ಮೂರನೆಯದು ವಾರದ್ದು. ಜೂಲಿಯನ್ ಜೂನ್ 6, ಅಂದರೆ ಗ್ರೆಗೋರಿಯನ್ ಜೂನ್ 16, ಶನಿವಾರ. ಅದೇ 1674ರ ಜೂನ್ 6 ಎಂದು ಈಗಿನ ಸಾಫ್ಟ್‌ವೇರ್‌ಗೆ ಕೊಟ್ಟರೆ ಬಹುಪಾಲು ಬುಧವಾರ ಎನ್ನುತ್ತವೆ. ಅವು ಗ್ರೆಗೋರಿಯನ್ ಕ್ಯಾಲೆಂಡರನ್ನೇ ಹಿಂದಕ್ಕೆ ಎಳೆದು ಲೆಕ್ಕ ಹಾಕುತ್ತವೆ. ಹಳೆಯ ದಾಖಲೆಯಲ್ಲಿ ವಾರ ಬರೆದಿದ್ದರೆ ಅದನ್ನು ಬಿಡಬೇಡಿ. ಬರೆಯುವವರು ತಾರೀಕನ್ನು ತಪ್ಪಬಹುದು, ವಾರವನ್ನು ತಪ್ಪುವುದು ಕಡಿಮೆ.

ಪುಷ್ಕಿನ್ ವಿಷಯ ತಿರುಗುಮುರುಗು. ಆಗ ಜೂಲಿಯನ್ ಬಳಸುತ್ತಿದ್ದ ರಷ್ಯಾದ ದಾಖಲೆಯಲ್ಲಿ ಅವನ ಜನನ 1799ರ ಮೇ 26. ಜೂನ್ 6 ಎನ್ನುವುದು ಪರಿವರ್ತಿಸಿದ ತಾರೀಕು, ಸರಿಯಾದದ್ದು. ಇಲ್ಲಿ ಆಗುವ ತಪ್ಪು ಬೇರೆ. ಎರಡು ಕ್ಯಾಲೆಂಡರುಗಳ ಅಂತರ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಗ್ರೆಗೋರಿಯನ್ ಮೊದಲು ಜಾರಿಗೆ ಬಂದ 1582ರ ಅಕ್ಟೋಬರಿನಿಂದ 1700ರ ಫೆಬ್ರವರಿ ಕೊನೆಯವರೆಗೆ 10 ದಿನ, ಅಲ್ಲಿಂದ 1800ರ ಫೆಬ್ರವರಿ ಕೊನೆಯವರೆಗೆ 11, 1900ರ ಫೆಬ್ರವರಿ ಕೊನೆಯವರೆಗೆ 12, ಆಮೇಲೆ 13. ಪುಷ್ಕಿನ್ ಬರೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಎಂದು 12 ದಿನ ಕೂಡಿಸಿದರೆ ಜೂನ್ 7 ಬರುತ್ತದೆ. ಅವನು ಹುಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ, 11 ದಿನ ಕೂಡಿಸಬೇಕು. ರಷ್ಯಾದ 'ಅಕ್ಟೋಬರ್ ಕ್ರಾಂತಿ' ನವೆಂಬರ್ 7ಕ್ಕೆ ಬರುವುದೂ ಇದೇ ಕಾರಣಕ್ಕೆ: 1917ರ ಅಕ್ಟೋಬರ್ 25ಕ್ಕೆ 13 ದಿನ.

ನಮ್ಮ ದೇಶದ ಮಟ್ಟಿಗೆ ನೆನಪಿಡಬೇಕಾದ ಗೆರೆ 1752. ಬ್ರಿಟನ್ ಗ್ರೆಗೋರಿಯನ್‌ಗೆ ಬದಲಾದದ್ದು ಆ ವರ್ಷ, ಅಲ್ಲಿ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14. ಅದಕ್ಕೂ ಹಿಂದಿನ ಕಂಪನಿ ಕಾಗದಗಳ ತಾರೀಕುಗಳೆಲ್ಲ ಜೂಲಿಯನ್. ಸಾಲದ್ದಕ್ಕೆ ಇಂಗ್ಲಿಷರ ಹೊಸ ವರ್ಷ ಅಲ್ಲಿಯವರೆಗೆ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಔರಂಗಜೇಬ್ ಸತ್ತ ದಿನ ಒಂದು ಕಡೆ 1707 ಫೆಬ್ರವರಿ 20, ಇನ್ನೊಂದು ಕಡೆ ಮಾರ್ಚ್ 3 ಎಂದು ಸಿಗುತ್ತದೆ. ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ ಆ ಫೆಬ್ರವರಿ ಇನ್ನೂ 1706ಕ್ಕೇ ಸೇರಿತ್ತು. ಮೂರೂ ಒಂದೇ ದಿನ. ಇದು ಗೊತ್ತಿಲ್ಲದೆ ಎರಡು ತಾರೀಕಿಗೂ ಅವನ ಹೆಸರು ಹಾಕುವ ಪಟ್ಟಿಗಳಿವೆ. 1582ಕ್ಕಿಂತ ಹಿಂದಿನ ಘಟನೆಗಳನ್ನು ಇತಿಹಾಸಕಾರರು ಸಾಮಾನ್ಯವಾಗಿ ಜೂಲಿಯನ್‌ನಲ್ಲೇ ಬಿಡುತ್ತಾರೆ, ನಾವೂ ಬದಲಿಸಬಾರದು. ಸ್ವೀಡನ್ನಿನ ರಾಷ್ಟ್ರೀಯ ದಿನಕ್ಕೆ ಆಧಾರವಾದ ಎರಡು ಘಟನೆಗಳಲ್ಲಿ 1523ರಲ್ಲಿ ಗುಸ್ತಾವ್ ವಾಸಾ ರಾಜನಾಗಿ ಆಯ್ಕೆಯಾದ ಜೂನ್ 6 ಜೂಲಿಯನ್, 1809ರಲ್ಲಿ ಸಂವಿಧಾನಕ್ಕೆ ಸಹಿ ಬಿದ್ದ ಜೂನ್ 6 ಗ್ರೆಗೋರಿಯನ್.

ಜನ್ಮದಿನಗಳಲ್ಲಿ ಇನ್ನೊಂದು ಅಡಚಣೆ ನಮ್ಮದೇ. ಹಳೆಯ ತಲೆಮಾರಿನಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1 ಎಂದಿರುತ್ತದೆ. ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದ ಮಗುವಿಗೆ ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೋಗುವಂತೆ ಮೇಷ್ಟ್ರು ಹಾಕಿದ ತಾರೀಕು ಅದು. ಮುಂದೆ ಅದೇ ಅಂಕಪಟ್ಟಿಗೆ, ಪಿಂಚಣಿ ಕಾಗದಕ್ಕೆ ಹೋಯಿತು. ಹಾಗಾಗಿ ಯಾರದಾದರೂ ಜೂನ್ 1 ಕಂಡರೆ ಜಾತಕವೋ ಮನೆಯವರು ಬರೆದಿಟ್ಟ ತಿಥಿ ನಕ್ಷತ್ರವೋ ಇದೆಯೇ ಎಂದು ನೋಡಿ. ಇಸವಿಯೂ ಜಾರುತ್ತದೆ: ವಿಶ್ವೇಶ್ವರಯ್ಯನವರ ಜನ್ಮ ಶತಮಾನೋತ್ಸವದ ಅಂಚೆಚೀಟಿ ಬಂದದ್ದು 1960ರ ಸೆಪ್ಟೆಂಬರ್ 15ಕ್ಕೆ, ಆದರೆ ಅನೇಕ ಪುಸ್ತಕಗಳಲ್ಲಿ ಅವರ ಜನನ 1861.

ಇನ್ನು ಬೇಕೆಂದೇ ಆರಿಸಿದ ದಿನಗಳು. ನಾರ್ಮಂಡಿಯ ಜೂನ್ 6ಕ್ಕೆ ಸಮುದ್ರ ಮತ್ತು ಚಂದ್ರ ಕಾರಣ. ತೀರದಲ್ಲಿ ಜರ್ಮನ್ನರು ನೆಟ್ಟ ಅಡೆತಡೆಗಳು ಕಾಣಬೇಕಾದರೆ ಬೆಳಕು ಹರಿಯುವ ಹೊತ್ತಿಗೆ ಇಳಿತ ಇರಬೇಕು. ಪ್ಯಾರಾಚೂಟ್ ಸೈನಿಕರಿಗೆ ರಾತ್ರಿ ಬೆಳದಿಂಗಳು ಬೇಕು. ಎರಡೂ ಕೂಡಿಬರುವುದು ಆ ತಿಂಗಳು 5, 6, 7ಕ್ಕೆ ಮಾತ್ರ. ಜೂನ್ 6 ಹುಣ್ಣಿಮೆ. ಮೊದಲು ಗೊತ್ತುಮಾಡಿದ್ದು 5. ಹವಾಮಾನ ಕೆಟ್ಟಿತು, ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಒಂದು ದಿನ ಮುಂದೂಡಿದರು. ಹವಾಮಾನ ತಜ್ಞ ಜೇಮ್ಸ್ ಸ್ಟ್ಯಾಗ್ ಸ್ವಲ್ಪ ಹೊತ್ತು ತೆರವು ಸಿಗುತ್ತದೆ ಎಂದದ್ದರ ಮೇಲೆ 6ಕ್ಕೆ ಹೊರಡಲು ಒಪ್ಪಿದರು. ಅದೂ ತಪ್ಪಿದ್ದರೆ ಇಳಿತ ಮತ್ತೆ ಹೊಂದುತ್ತಿದ್ದದ್ದು ಜೂನ್ 18ರ ಆಸುಪಾಸು. 19ಕ್ಕೆ ಆ ಕಡಲಿನಲ್ಲಿ ದೊಡ್ಡ ಬಿರುಗಾಳಿಯೇ ಎದ್ದಿತು.

ಒಂದು ತಾರೀಕು ಇನ್ನೊಂದನ್ನು ಎಳೆದುಕೊಂಡು ಬರುವುದನ್ನು ನೋಡಬೇಕಾದರೆ ಆಗಸ್ಟ್ 15ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1945ರ ಆಗಸ್ಟ್ 15ರ ಮಧ್ಯಾಹ್ನ ಜಪಾನಿನ ಚಕ್ರವರ್ತಿ ಶರಣಾಗತಿಯನ್ನು ರೇಡಿಯೋದಲ್ಲಿ ಸಾರಿದ. (ಅಮೆರಿಕದಲ್ಲಿ ಆಗ ಇನ್ನೂ 14. ಅಲ್ಲಿನ ಪುಸ್ತಕಗಳಲ್ಲಿ 14 ಎಂದು ಕಂಡರೆ ಅದು ತಪ್ಪಲ್ಲ, ಗಡಿಯಾರದ ವ್ಯತ್ಯಾಸ.) ಆಗ ಆಗ್ನೇಯ ಏಷ್ಯಾದ ಮಿತ್ರಪಡೆಗಳ ದಂಡನಾಯಕ ಮೌಂಟ್‌ಬ್ಯಾಟನ್. ಭಾರತದ ಅಧಿಕಾರ ಹಸ್ತಾಂತರಕ್ಕೆ ಬ್ರಿಟಿಷ್ ಸರ್ಕಾರ ಕೊಟ್ಟಿದ್ದ ಗಡುವು 1948ರ ಜೂನ್. ಅದನ್ನು ಹಿಂದಕ್ಕೆ ಎಳೆದು ಶರಣಾಗತಿಯ ಎರಡನೇ ವರ್ಷದ ದಿನವನ್ನೇ ಆರಿಸಿದ್ದಾಗಿ ಮುಂದೆ ಅವರೇ ಹೇಳಿದರು. ಕೊರಿಯಾಕ್ಕೂ ಜಪಾನಿನಿಂದ ಬಿಡುಗಡೆ ಅದೇ ದಿನ. 1948ರಲ್ಲಿ ದಕ್ಷಿಣ ಕೊರಿಯಾದ ಸರ್ಕಾರ ಘೋಷಣೆಯಾದದ್ದೂ ಆಗಸ್ಟ್ 15ಕ್ಕೇ. ಎರಡು ದೇಶಗಳಿಗೆ ಒಂದೇ ದಿನ ಬಂದದ್ದರ ಹಿಂದೆ ಒಂದೇ ಬೇರು ಇದೆ. ಆಮೇಲೆ ನಮ್ಮ ಸರ್ಕಾರಗಳೇ ಆ ದಿನವನ್ನು ತುಂಬಿಸಿದವು: 1969ರಲ್ಲಿ ಇಸ್ರೋ, 1972ರಲ್ಲಿ ಪಿನ್ ಕೋಡ್, 1995ರಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್. ಪಾಕಿಸ್ತಾನಕ್ಕೂ 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯಲ್ಲಿ ಇದ್ದದ್ದು ಆಗಸ್ಟ್ 15. 1948ರ ಜುಲೈಯಲ್ಲಿ ಬಂದ ಅದರ ಮೊದಲ ಅಂಚೆಚೀಟಿಗಳ ಮೇಲೂ ಅದೇ ತಾರೀಕಿದೆ. 14ಕ್ಕೆ ಆಚರಿಸುವ ಪದ್ಧತಿ ಆಮೇಲಿನದು.

ಇವನ್ನೆಲ್ಲ ತೆಗೆದ ಮೇಲೂ ಅದೇ ದಿನದಲ್ಲಿ ಅರವಿಂದರ ಜನನ (1872), ನೆಪೋಲಿಯನ್ ಜನನ (1769) ಉಳಿಯುತ್ತವೆ. ಕರ್ನಾಟಕದಲ್ಲಿ ಸಂಗೊಳ್ಳಿ ರಾಯಣ್ಣನ ಜಯಂತಿ ಆಗಸ್ಟ್ 15ಕ್ಕೆ, ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ ದಿನದ ಸ್ಮರಣೆ ಜನವರಿ 26ಕ್ಕೆ. ಗಲ್ಲಾದದ್ದು 1831ರಲ್ಲಿ. ಸ್ವಾತಂತ್ರ್ಯದ ದಿನ ಆರಿಸಿದವರ ಮನಸ್ಸಿನಲ್ಲಿ ಜಪಾನ್ ಇತ್ತು, ಗಣರಾಜ್ಯದ ದಿನ ಆರಿಸಿದವರ ಮನಸ್ಸಿನಲ್ಲಿ 1930ರ ಪೂರ್ಣ ಸ್ವರಾಜ್ಯ ದಿನ ಇತ್ತು. ರಾಯಣ್ಣ ಇವೆರಡಕ್ಕೂ ಕಾರಣ ಅಲ್ಲ. ಆದರೂ ಬೆಳಗಾವಿ ಕಡೆಯ ಊರುಗಳಲ್ಲಿ ಧ್ವಜ ಹಾರಿಸುವ ದಿನ ಅವನ ಹೆಸರನ್ನೂ ಹೇಳುವುದು ನನಗೆ ತುಂಬ ಸರಿ ಎನಿಸುತ್ತದೆ. ಕಾರಣ ಇಲ್ಲದೆ ಕೂಡಿದ ದಿನಕ್ಕೆ ಜನ ಕೊಟ್ಟ ಅರ್ಥ ಅದು, ಗೌರವದ್ದು.

ಉಳಿದದ್ದು ಲೆಕ್ಕ. ಒಂದು ಸಾವಿರ ಪ್ರಸಿದ್ಧರ ಪಟ್ಟಿ ಮಾಡಿ 365 ದಿನಗಳಿಗೆ ಹಂಚಿದರೆ ದಿನಕ್ಕೆ ಸರಾಸರಿ 2.7. ಸಮನಾಗಿ ಹಂಚಿಕೆ ಆಗುತ್ತದೆ ಎಂದುಕೊಂಡರೆ ತಪ್ಪು. ಸುಮಾರು 23 ದಿನ ಖಾಲಿ ಉಳಿಯುತ್ತವೆ, ಸುಮಾರು 50 ದಿನಗಳಿಗೆ ಐದು ಅಥವಾ ಹೆಚ್ಚು ಜನ ಬೀಳುತ್ತಾರೆ. ನಮ್ಮ ಕಣ್ಣು ಆ 50ರ ಮೇಲೆ ಮಾತ್ರ ಹೋಗುತ್ತದೆ. ಒಂದು ಕೋಣೆಯಲ್ಲಿ 23 ಜನ ಇದ್ದರೆ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು, ಯಾಕೆಂದರೆ 23 ಜನರಲ್ಲಿ 253 ಜೋಡಿಗಳಿವೆ. ಆದರೆ ನಿಮ್ಮದೇ ಹುಟ್ಟುಹಬ್ಬ ಹಂಚಿಕೊಳ್ಳುವವರು ಅಷ್ಟೇ ಸಾಧ್ಯತೆಯಲ್ಲಿ ಸಿಗಬೇಕಾದರೆ ಬೇರೆ 253 ಜನ ಬೇಕು. ಈ ಎರಡು ಪ್ರಶ್ನೆಗಳನ್ನು ಬೆರೆಸುವುದರಿಂದಲೇ ಬೆರಗು ಹೆಚ್ಚುವುದು. ಕನ್ನಡದ ಎಂಟು ಜ್ಞಾನಪೀಠ ಪುರಸ್ಕೃತರಲ್ಲಿ ಯಾರ ಜನ್ಮದಿನವೂ ಇನ್ನೊಬ್ಬರದ್ದರ ಜೊತೆ ಸೇರುವುದಿಲ್ಲ. ಎಂಟು ಜನರಲ್ಲಿ ಹಾಗೆ ಸೇರುವ ಸಾಧ್ಯತೆ ನೂರಕ್ಕೆ ಏಳರಷ್ಟೇ. ಮೈಸೂರಿನ ಆರ್.ಕೆ. ನಾರಾಯಣ್ ಅವರನ್ನು ಸೇರಿಸಿದರೆ ತಕ್ಷಣ ಒಂದು ಜೋಡಿ: ಶಿವರಾಮ ಕಾರಂತರದು 1902ರ ಅಕ್ಟೋಬರ್ 10, ನಾರಾಯಣ್ ಅವರದು 1906ರ ಅಕ್ಟೋಬರ್ 10. ಮಾಸ್ತಿ ಹುಟ್ಟಿದ ತಾರೀಕಿಗೇ ತೀರಿಕೊಂಡದ್ದು 365ಕ್ಕೊಂದರಂತೆ ಆಗಬಹುದಾದದ್ದು. ಸಾವಿರ ಜನರ ಪಟ್ಟಿಯಲ್ಲಿ ಅಂಥ ಇಬ್ಬರು ಮೂವರು ಇರುವುದು ಸಹಜ.

ಕಾಕತಾಳೀಯ ಎಂದ ಮಾತ್ರಕ್ಕೆ ಸಂತೋಷ ಕಡಿಮೆಯಾಗಬೇಕಿಲ್ಲ. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29. ನೂರರಿಂದ ಭಾಗವಾಗಿ ನಾನೂರರಿಂದ ಭಾಗವಾಗದ 1900 ಅಧಿಕ ವರ್ಷವಲ್ಲ. ಹಾಗಾಗಿ ಅವರ ತಾರೀಕು ಮೊದಲ ಸಲ ತಿರುಗಿ ಬಂದದ್ದು 1904ರಲ್ಲಿ, ಎಂಟು ವರ್ಷಕ್ಕೆ. 1904ರ ಆ ಫೆಬ್ರವರಿ 29ರಂದೇ ಹುಟ್ಟಿದವರು ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್.

ತಿಥಿಯಲ್ಲಿ ಎಣಿಸುವವರಿಗೆ ಇನ್ನೊಂದು ಕೀಲಿ ಇದೆ: 19 ವರ್ಷಕ್ಕೊಮ್ಮೆ ತಾರೀಕು ಮತ್ತು ತಿಥಿ ಹೆಚ್ಚುಕಮ್ಮಿ ಮತ್ತೆ ಕೂಡುತ್ತವೆ. ಒಂದು ದಿನ ಆಚೀಚೆ ಆಗಬಹುದು. ನಿಮ್ಮ 19, 38, 57ನೆಯ ಹುಟ್ಟುಹಬ್ಬದ ಪಂಚಾಂಗ ತೆಗೆದು ನೋಡಿ. 1947ರ ಆಗಸ್ಟ್ 15 ಸರ್ವಜಿತ್ ಸಂವತ್ಸರದ ಅಧಿಕ ಶ್ರಾವಣ ಬಹುಳ ಚತುರ್ದಶಿ, ಶುಕ್ರವಾರ. 19ರ ನಾಲ್ಕು ಸುತ್ತು ಕಳೆದು 2023ರ ಆಗಸ್ಟ್ 15ರ ಬೆಳಗ್ಗೆಯೂ ಅಧಿಕ ಶ್ರಾವಣ ಬಹುಳ ಚತುರ್ದಶಿಯೇ ಇತ್ತು, ವಾರ ಮಾತ್ರ ಮಂಗಳವಾರ.

ಶಾಲೆಗೋ ಪತ್ರಿಕೆಗೋ ದಿನವಿಶೇಷ ಬರೆಯುವವರು ಪ್ರತಿ ಸಾಲಿನಲ್ಲೂ ಇಸವಿ ಮತ್ತು ಊರನ್ನು ಬಿಡದೆ ಬರೆಯಿರಿ. 1752ಕ್ಕಿಂತ ಹಿಂದಿನ ಭಾರತದ ಘಟನೆಗೆ ದಾಖಲೆಯಲ್ಲಿರುವ ತಿಥಿಯನ್ನೂ ಪಕ್ಕದಲ್ಲಿ ಕೊಡಿ, ತಾರೀಕು ಹಳೆಯ ಕ್ಯಾಲೆಂಡರಿನದಾದರೆ ಹಾಗೆಂದು ಹೇಳಿ. ಎರಡು ಪುಸ್ತಕಗಳಲ್ಲಿ ಎರಡು ತಾರೀಕು ಸಿಕ್ಕರೆ ಮೊದಲು ಅವುಗಳ ನಡುವಿನ ಅಂತರ ಎಣಿಸಿ. 10, 11, 12, 13 ಬಂದರೆ ಕ್ಯಾಲೆಂಡರಿನ ಕೆಲಸ. 1 ಬಂದರೆ ಮಧ್ಯರಾತ್ರಿಯದೋ ದೇಶಗಳ ಗಡಿಯಾರದ್ದೋ. ಸರಿಯಾಗಿ ಒಂದು ವರ್ಷ ಬಂದರೆ ಶಕ ವರ್ಷದ್ದೋ ಇಂಗ್ಲಿಷರ ಮಾರ್ಚ್ 25ರ ಹೊಸ ವರ್ಷದ್ದೋ ಇರಬಹುದು. ಬೇರೆ ಯಾವುದೇ ಅಂತರ ಬಂದರೆ ಎರಡರಲ್ಲಿ ಒಂದು ತಪ್ಪು. ಆಗ ಘಟನೆ ನಡೆದ ಕಾಲಕ್ಕೆ ಹತ್ತಿರದ ಬರಹ ಯಾವುದೋ ಅದನ್ನು ಹಿಡಿಯಬೇಕು.